ಚೀನಾ ಹೊಳೆಗೆ ಒಯ್ದ ಉಡಿ

ಸಂಡೂರಿನ ಗುಡ್ಡಗಳ ಅದಿರು ಚೀನಾಕ್ಕೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಅಣ್ಣನೂ ದೊಡ್ಡ ಮನುಷ್ಯನಾದ. ಮೊದಲು ಅವನಿಗಿದ್ದದ್ದು ಒಂದೇ ಲಾರಿ, ಅದೂ ನಾಲ್ಕು ಜನ ತಳ್ಳಿದರೆ ಹೊರಡುವಂಥದ್ದು. ಅದಿರು ಹೊತ್ತು ಹೊತ್ತು ಲಾರಿಗಳು ಹೆಚ್ಚಾದವು, ಕೊರಳಿನ ಚೈನು ದಪ್ಪವಾಯಿತು, ಹೊಸಪೇಟೆಯಲ್ಲಿ ಮನೆ ಮೇಲೆ ಮನೆ ಎದ್ದಿತು. ಕೂತಲ್ಲಿ ನಿಂತಲ್ಲಿ, "ನಮ್ಮ ಮಣ್ಣಿಲ್ಲಂದ್ರ ಚೀನಾದಾಗ ಒಂದು ಕಬ್ಬಿಣದ ಮೊಳೀನೂ ಆಗಂಗಿಲ್ಲ" ಎನ್ನತೊಡಗಿದ. ತನ್ನ ಮಣ್ಣು ಸೇರುವ ದೇಶವನ್ನು ಕಣ್ಣಾರೆ ನೋಡಬೇಕೆಂದು ಯಾಂಗ್‌ತ್ಸೆ ನದಿಯ ಹಡಗಿನ ಪ್ರವಾಸ ಗೊತ್ತು ಮಾಡಿದ. ಅಪ್ಪನಿಗೆ ವಿಮಾನವೆಂದರೆ ಎದೆ ಡವಡವ, ಊರಲ್ಲೇ ಉಳಿದ. ಅವ್ವ ಹೊರಟಳು. ಅವ್ವನನ್ನು ನೋಡಿಕೊಳ್ಳಲು ಸಂಬಳವಿಲ್ಲದ ಆಳು ಬೇಕಲ್ಲ, ತಂಗಿಯೆಂದು ನನ್ನನ್ನೂ ಕರೆದುಕೊಂಡ.

ಅವ್ವನ ತವರು ಹೊಳೆದಂಡೆಯ ಬುಕ್ಕಸಾಗರ. ಹರಿಗೋಲು ಹತ್ತುವ ಮೊದಲು ಹೊಳೆಗೆ ಉಡಿ ತುಂಬಿದ ಹೆಂಗಸರ ನಡುವೆ ಬೆಳೆದವಳು. ತವರಿನಿಂದ ಹೊರಡುವ ಮಗಳ ಸೆರಗಿಗೆ ತುಂಬುವ ಸಾಮಾನೇ ಹೊಳೆಗೂ: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಕೊಂಬು. ಎಲ್ಲವನ್ನೂ ಹೊಸ ಕುಪ್ಪಸದ ಕಣದ ಬಟ್ಟೆಯಲ್ಲಿ ಗಂಟು ಕಟ್ಟಿ ಸೂಟ್‌ಕೇಸಿನ ತಳದಲ್ಲಿಟ್ಟು ಚೀನಾದವರೆಗೂ ತಂದಿದ್ದಳು.

ಹಡಗು ಹತ್ತಿದ ಮೇಲೆ ಗಂಟು ಹೊರಬಂತು. ಅಣ್ಣನ ಮುಖ ಹುಳ್ಳಗಾಯಿತು.

"ಅವ್ವಾ, ಮರ್ಯಾದಿ ಕಳೀಬ್ಯಾಡ. ಇಲ್ಲಿ ನೀರಿಗೆ ಕಡ್ಡಿ ಒಗದ್ರೂ ದಂಡ ಹಾಕ್ತಾರ. ನೀರು ಸ್ವಚ್ಛ ಇಡಬೇಕು."

ಕೇಳಿದಿರಾ? ಸಂಡೂರು ದಾರಿಯ ಗಿಡಮರಗಳಿಗೆಲ್ಲ ಕೆಂಪು ಧೂಳು ಬಳಿದ ಮಹಾರಾಯ ಸ್ವಚ್ಛತೆಯ ಪಾಠ ಹೇಳುತ್ತಿದ್ದ!

"ಆಕಿ ಮೈಮ್ಯಾಲೆ ಕುಂತು ತಿರುಗಾಡಿ, ಏನೂ ಕೊಡದ ಹೋಗೋದೇನೋ? ಯಾವ ದೇಶದ್ದಾದ್ರೂ ಗಂಗವ್ವ ಗಂಗವ್ವನ" ಎಂದಳು ಅವ್ವ. ಅಣ್ಣ ಜಗ್ಗಲಿಲ್ಲ. ಅವ್ವ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕೂತಳು. ಊಟಕ್ಕೆ ಕರೆದರೆ, "ನನಗ ಸೇರಂಗಿಲ್ಲ" ಎನ್ನುವಳು. ಆಕೆಗೆ ಸೇರದಿದ್ದದ್ದು ಊಟವಲ್ಲ.

ಅಣ್ಣನಿಗೆ ಇದಾವುದರ ಪರಿವೆ ಇಲ್ಲ. ಎರಡೂ ದಡದ ಬೆಟ್ಟಗಳು ಮುಗಿಲು ಮುಟ್ಟಿ ನಿಂತಿದ್ದರೆ ಇವನು, "ಇದರಾಗ ಮಾಲು ಎಷ್ಟಿರಬಹುದು?" ಎಂದು ಲೆಕ್ಕ ಹಾಕುತ್ತಿದ್ದ. ಕೆಂಪು ಮಣ್ಣು ಹೊತ್ತ ದೋಣಿ ಕಂಡರೆ ಸಾಕು, "ನಮ್ದು! ನಮ್ಮ ಗುಡ್ಡದ್ದು!" ಎಂದು ಕಿರುಚಿ ಫೋಟೋ ತೆಗೆಸಿಕೊಳ್ಳುವನು. ಅದು ಆಸ್ಟ್ರೇಲಿಯಾದ್ದೂ ಇರಬಹುದು ಎಂದಳು ಹಡಗಿನ ಗೈಡ್ ಹುಡುಗಿ. ಮಣ್ಣಿನ ಬಣ್ಣ ತನಗೇ ಕಲಿಸಲು ಬಂದಳಲ್ಲ ಎಂದು ಅವಳ ಮೇಲೆ ಅಣ್ಣನಿಗೆ ಸಿಟ್ಟು ಬಂತು.

ಆಮೇಲೆ ದೊಡ್ಡ ಡ್ಯಾಮ್ ಬಂತು. ಹಡಗುಗಳನ್ನು ಕೆಳಗಿಂದ ಮೇಲೇರಿಸಲು ಅಲ್ಲಿ ಗೋಡೆ ಕಟ್ಟಿದ ತೊಟ್ಟಿಗಳಿವೆ. ಒಳಗೆ ಹೋದ ಹಡಗುಗಳು ಒಂದಕ್ಕೊಂದು ಅಂಟಿಕೊಂಡಂತೆ ನಿಲ್ಲಬೇಕು, ನೀರು ಏರುವವರೆಗೆ ಕಾಯಬೇಕು. ನಾವೆಲ್ಲ ಹಡಗಿನ ಅಂಚಿನ ಕಟಕಟೆಗೆ ಬಂದು ನಿಂತೆವು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಒಂದು ಸರಕಿನ ದೋಣಿ ಬಂದು ನಿಂತಿತು. ಅದರ ತುಂಬ ಕೆಂಪು ಮಣ್ಣಿನ ರಾಶಿ.

"ಅವ್ವಾ, ನೋಡಿಲ್ಲಿ! ನಮ್ಮ ಗುಡ್ಡ!" ಎಂದ ಅಣ್ಣ, ಎದೆ ಉಬ್ಬಿಸಿ.

ಅವ್ವ ಬಗ್ಗಿ ರಾಶಿಯನ್ನು ನೋಡಿದಳು. ಆಮೇಲೆ ಕೇಳಿದಳು, "ಖರೇನ ನಮ್ದೇನು?"

"ಹೌದವ್ವಾ! ನನ್ನ ಲಾರ್‍ಯಾಗ ಬಂದದ್ದ!"

"ಹಂಗಾದ್ರ ಉಡಿ ತುಂಬದ ಕಳಿಸೀಯೇನು ಆಕೀನ?" ಎಂದು ಅವ್ವ ತಲೆಯ ಮೇಲೆ ಸೆರಗು ಹೊದ್ದುಕೊಂಡಳು.

ಅವ್ವ ಏನು ಮಾಡಹೊರಟಿದ್ದಾಳೆಂದು ಅಣ್ಣನಿಗೆ ಆಗ ತಿಳಿಯಿತು. ಸುತ್ತ ಬೇರೆ ಬೇರೆ ದೇಶದವರು ನೋಡುತ್ತಿದ್ದರು.

"ಅಯ್ಯೋ ಬ್ಯಾಡವ್ವಾ, ಅದು ನಮ್ದಲ್ಲ! ಆಸ್ಟ್ರೇಲಿಯಾದ್ದು! ಆ ಹುಡುಗೀನ ಕೇಳು ಬೇಕಾದ್ರ!"

ನನಗೆ ನಗು ತಡೆಯಲಾಗಲಿಲ್ಲ. ಹಡಗು ಹತ್ತಿದಾಗಿನಿಂದ ನಮ್ದು ನಮ್ದು ಎಂದ ಬಾಯಿ ಒಂದೇ ಉಸಿರಿಗೆ ಗುಡ್ಡವನ್ನು ಆಸ್ಟ್ರೇಲಿಯಾಕ್ಕೆ ದಾನ ಮಾಡಿತ್ತು.

"ಹೊಳಿಗೆ ಬ್ಯಾಡ ಅಂದಿ, ಬಿಟ್ಟೆ. ಇದು ಮನಿ ಮಗಳು. ಸರಿ ಆಕಡೆ" ಎಂದಳು ಅವ್ವ.

ಬಗ್ಗಿ, ಗಂಟನ್ನು ಮೆಲ್ಲಗೆ ರಾಶಿಯ ಮೇಲೆ ಬಿಟ್ಟಳು. ಕಣ ಬಿಚ್ಚಿಕೊಂಡು ಅಕ್ಕಿ ಕೆಂಪು ಮಣ್ಣಿನಲ್ಲಿ ಚೆಲ್ಲಿತು. ದೋಣಿಯವನು ಎದ್ದು ಬಂದು ನಮ್ಮನ್ನೊಮ್ಮೆ, ಗಂಟನ್ನೊಮ್ಮೆ ನೋಡಿ, ಒಂದು ಉತ್ತತ್ತಿ ಎತ್ತಿ ಬಾಯಿಗೆ ಹಾಕಿಕೊಂಡ. ಬೀಗರು ಉಡಿ ಒಪ್ಪಿಕೊಂಡರೆಂದು ಅವ್ವನ ಮುಖ ಅರಳಿತು. ಕೈ ಮುಗಿದು, "ಹೋಗಿ ಬಾರವ್ವಾ" ಎಂದಳು.

ನೀರು ಏರಿತು, ಬಾಗಿಲು ತೆರೆಯಿತು, ದೋಣಿ ಮುಂದೆ ಹೋಯಿತು. ಅಣ್ಣನಿಗೆ ಅವಮಾನ ಇನ್ನೂ ಆರಿರಲಿಲ್ಲ.

"ಹೋಗಿ ಬಾ ಅಂತ, ಹೋಗಿ ಬಾ! ಅದನ್ನ ಕರಗಿಸಿ ಕಬ್ಬಿಣ ಮಾಡ್ತಾರವ್ವಾ. ಅದೆಲ್ಲಿ ವಾಪಸ್ ಬರ್ತೈತಿ?"

"ನನಗ ಗೊತ್ತಿಲ್ಲೇನು?" ಎಂದಳು ಅವ್ವ. "ಸಂಡೂರಾಗ ಗುಡ್ಡ ಇದ್ದ ಜಾಗ ನೋಡೀನಲ್ಲ."

ಆಮೇಲೆ ನನ್ನ ಕಡೆ ತಿರುಗಿ, ಹಸಿವಾಗಿದೆ ಎಂದಳು.