ಎರಡಕ್ಷರದ ಉತ್ತರ

ಮೂಸಾನ ಎಡಗಾಲು ಹೋದದ್ದು ನನ್ನ ಅಜಾಗರೂಕತೆಯಿಂದ. ಹಮೀದಣ್ಣನ ಕೆಲಸ ಹೋದದ್ದು ನನ್ನ ಸುಳ್ಳಿನಿಂದ. ಆರು ವರ್ಷ ಈ ಎರಡು ಮಾತನ್ನು ನಾನು ಯಾರ ಮುಂದೆಯೂ ಆಡಲಿಲ್ಲ. ದುಬೈಯ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ 'ಏನಾದರೂ ಹಗುರವಾಗಿ ಬರೆದುಕೊಡಿ ಗಿರಿಜಕ್ಕ' ಎಂದು ಕೇಳಿದ್ದಾರೆ. ಹಗುರವಾದದ್ದು ಈ ಸಲ ನನ್ನಲ್ಲಿ ಇಲ್ಲ. ಅಚ್ಚು ಮಾಡುವುದು ಬಿಡುವುದು ಸಂಪಾದಕರಿಗೆ ಸೇರಿದ್ದು.

ನಿಮ್ಮಲ್ಲಿ ಹಲವರು ನನ್ನನ್ನು ಬಲ್ಲಿರಿ — ರಾಜ್ಯೋತ್ಸವದ ದಿನ ರೇಷ್ಮೆ ಸೀರೆ ಉಟ್ಟು ಮೈಕ್ ಹಿಡಿಯುವ ದಾವಣಗೆರೆಯ ಗಿರಿಜಾ. ಅಲ್ ನಹ್ದಾ ಬಡಾವಣೆಯ ಲಿಫ್ಟಿನಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸಿದರೆ ಅವರ ತಾಯಂದಿರಿಗೆ ಪಾಠ ಹೇಳುವವಳು. ಆದರೆ ನನ್ನ ಕೆಲಸ ಏನೆಂದು ಬಲ್ಲವರು ಕಡಿಮೆ. ಕದನ ನಡೆಯುವ ದೇಶಗಳಿಗೆ ದುಬೈ ಗೋದಾಮಿನಿಂದ ಲಸಿಕೆ, ಔಷಧಿ, ಡೇರೆ ಕಳಿಸುವ ಒಂದು ಪರಿಹಾರ ಸಂಸ್ಥೆಯಲ್ಲಿ ನಾನಿದ್ದೇನೆ. ನನ್ನ ಪಾಲಿಗೆ ಬಂದದ್ದು ಪಶ್ಚಿಮ ಆಫ್ರಿಕಾದ ಮಾಲಿ. ನಾನು ಯಾವುದೋ ತೋಟದ ಮಾಲಿಗೆ ಸಾಮಾನು ಕಳಿಸುತ್ತೇನೆ ಎಂದು ನನ್ನ ಅಮ್ಮ ಬಹಳ ದಿನ ತಿಳಿದಿದ್ದಳು. ಆ ದೇಶದ ದಕ್ಷಿಣ ಭಾಗ ಸರ್ಕಾರದ ಕೈಯಲ್ಲಿ, ಉತ್ತರದ ಬಹುಭಾಗ ಬಂದೂಕು ಹಿಡಿದ ಗುಂಪುಗಳ ಕೈಯಲ್ಲಿ. ನಡುವಿನ ರಸ್ತೆಗೆ ಹತ್ತು ಮೈಲಿಗೊಬ್ಬ ಒಡೆಯ. ಆ ರಸ್ತೆಯಲ್ಲಿ ನಮ್ಮ ಲಾರಿಗಳನ್ನು ನಡೆಸುತ್ತಿದ್ದವರು ಉಪ್ಪಿನಂಗಡಿಯ ಹಮೀದಣ್ಣ.

ಹಮೀದಣ್ಣನ ಬಗ್ಗೆ ಹೇಳದೆ ನನ್ನ ತಪ್ಪಿನ ತೂಕ ನಿಮಗೆ ತಿಳಿಯುವುದಿಲ್ಲ.

ಓದಿದ್ದು ಎಂಟನೇ ಕ್ಲಾಸು. ಮಂಗಳೂರಿನ ದಕ್ಕೆಯಲ್ಲಿ ಮೀನಿಗೆ ಐಸ್ ಹಾಕುತ್ತಾ ಬೆಳೆದ ಬ್ಯಾರಿ. ಲಸಿಕೆಯ ಪೆಟ್ಟಿಗೆಗೆ ಐಸ್ ಪೊಟ್ಟಣ ಇಡುವ ಮೊದಲು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದರು. ಒಳಗೆ ನೀರು ಕುಲುಕುವ ಸದ್ದು ಬಂದರೆ ಮಾತ್ರ ಪೆಟ್ಟಿಗೆಗೆ. ಇಲ್ಲದಿದ್ದರೆ ಕಲ್ಲಾದ ಐಸಿನ ಚಳಿಗೆ ಲಸಿಕೆ ಹೆಪ್ಪುಗಟ್ಟಿ ಹಾಳಾಗುತ್ತದೆ. ನಮ್ಮ ಡಿಗ್ರಿ ಹುಡುಗರು ಗಡಿಯಾರ ನೋಡಿ ಇಡುತ್ತಿದ್ದರು. ಇವರು ಇಟ್ಟದ್ದು ಒಂದೂ ಕೆಟ್ಟದ್ದಿಲ್ಲ.

ಮಾಲಿಯಲ್ಲಿ ಒಂದು ಪದ್ಧತಿ ಇದೆ. ಕೆಲವು ಮನೆತನದವರು ಇನ್ನು ಕೆಲವು ಮನೆತನದವರನ್ನು ಎಷ್ಟು ಬೇಕಾದರೂ ಗೇಲಿ ಮಾಡಬಹುದು, ಕೋಪ ಮಾಡಿಕೊಳ್ಳುವಂತಿಲ್ಲ — ನಮ್ಮ ಭಾವ ಮೈದುನರ ಕೀಟಲೆಯಂತೆ. ಅಲ್ಲಿಯ ಚಾಲಕ ಮೂಸಾ ಹಮೀದಣ್ಣನಿಗೆ ಕೂಲಿಬಾಲಿ ಎಂಬ ಮನೆತನದ ಹೆಸರು ಕೊಟ್ಟ. "ಕೂಲಿ ಅಂತೂ ಹೌದು. ಬಾಲಿ ಎಂತ ಅಂತ ಗೊತ್ತಿಲ್ಲ" ಎಂದು ಹಮೀದಣ್ಣ ಫೋನಿನಲ್ಲಿ ನಗುತ್ತಿದ್ದರು. ಕೂಲಿಬಾಲಿಗಳನ್ನು 'ಕಾಳು ತಿನ್ನುವವರು' ಎಂದು ಹಂಗಿಸುವುದು ವಾಡಿಕೆಯಂತೆ. ಬಂದೂಕು ಹಿಡಿದವನು ಲಾರಿ ತಡೆದರೆ ಹಮೀದಣ್ಣ ಇಳಿದು, ಅವನ ತಾಯಿ, ಮಕ್ಕಳು, ದನಕರು ಎಲ್ಲರ ಕ್ಷೇಮ ಕೇಳಿ, ಕಡೆಗೆ ಮನೆತನ ಕೇಳುತ್ತಿದ್ದರು. ಹೊಂದುವ ಹೆಸರು ಬಂದರೆ "ಓ, ಕಾಳು ತಿನ್ನುವವ ನೀನು" ಎಂದು, ತಮಗೆ ಬೀಳಬೇಕಾದ ಗೇಲಿಯನ್ನು ಅವನ ಮೇಲೆ ತಿರುಗಿಸಿ, ತಾವೇ ಮೊದಲು ಶುರು ಮಾಡುತ್ತಿದ್ದರು. ಆ ಕಡೆಯವನು ನಕ್ಕರೆ ದಾರಿ ತೆರೆಯಿತು. ಎರಡೂ ಕಡೆಯ ಊರುಗಳಿಗೆ ಲಸಿಕೆ ಮುಟ್ಟಿಸಿದ ಬೇರೊಬ್ಬರನ್ನು ನಾನು ಕಾಣೆ. ಹೆಮ್ಮೆಯಿಂದಲೇ ಹೇಳುತ್ತೇನೆ — ಹೇಳುವ ಹಕ್ಕು ನನಗಿದೆಯೋ ಇಲ್ಲವೋ...

ಆದರೆ ನಗು ನೆಲದೊಳಗೆ ಹೂತಿಟ್ಟ ಬಾಂಬನ್ನು ತಡೆಯುವುದಿಲ್ಲ. ಅದಕ್ಕೆ ಸುದ್ದಿ ಬೇಕು. ಯಾವ ರಸ್ತೆ ಸುರಕ್ಷಿತ ಎಂಬ ಎರಡು ಪುಟದ ಫ್ರೆಂಚ್ ವರದಿ ಪ್ರತಿದಿನ ನಮಗೆ ಮೇಲ್‌ನಲ್ಲಿ ಬರುತ್ತಿತ್ತು. ಲಾರಿ ನಿಂತ ಊರುಗಳಲ್ಲಿ ಮೇಲ್ ತೆರೆಯುತ್ತಿರಲಿಲ್ಲ, ಒಂದು ಸಾಲಿನ ಸಂದೇಶ ಹೇಗೋ ಹೋಗುತ್ತಿತ್ತು. ಹಾಗಾಗಿ ನಾನು ಇಲ್ಲಿ ಓದಿ ಅವರಿಗೆ ತಿಳಿಸಬೇಕು. ಅವರ ಬೆಳಗಿನ ಆರು ಗಂಟೆ, ನಮ್ಮ ಹತ್ತು. ಹಮೀದಣ್ಣ ಕನ್ನಡದಲ್ಲೇ ಕೇಳುತ್ತಿದ್ದರು: "ಎಂತಾದ್ರೂ ಉಂಟಾ?" ಅಪಾಯ ಇದ್ದರೆ ನಾನು "ಉಂಟು, ನಿಲ್ಲಿ" ಎಂದು ಬರೆಯುತ್ತಿದ್ದೆ. ಇಲ್ಲದಿದ್ದರೆ "ಮಾಫಿ." ಈ ದೇಶದ ಅರಬ್ಬೀ ಮಾತು, 'ಏನೂ ಇಲ್ಲ' ಎಂದು. ಟ್ಯಾಕ್ಸಿಯವನಿಂದ ತರಕಾರಿ ಅಂಗಡಿಯವರೆಗೆ ಎಲ್ಲರ ಬಾಯಲ್ಲೂ ಇರುವ ಎರಡಕ್ಷರ. ತಿಂಗಳುಗಟ್ಟಲೆ ನಮ್ಮಿಬ್ಬರ ನಡುವೆ ಅದಕ್ಕೆ ಒಂದೇ ಅರ್ಥವಿತ್ತು — ವರದಿ ಓದಿದ್ದೇನೆ, ರಸ್ತೆಯಲ್ಲಿ ಏನೂ ಇಲ್ಲ, ಹೊರಡಿ.

ಆ ದಿನ ನಾನು ಓದಿರಲಿಲ್ಲ.

ಏನು ಮಾಡುತ್ತಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಅದೇ ವಾರ ರಾಜ್ಯೋತ್ಸವ. ನನ್ನ ನಿರೂಪಣೆಯ ಹಾಳೆಯಲ್ಲಿ ನುಸುಳಿದ್ದ ಪರಭಾಷೆಯ ಪದಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಿದ್ದೆ. 'ಶುರು' ತೆಗೆದು 'ಮೊದಲು', 'ಖುಷಿ' ತೆಗೆದು 'ನಲಿವು'. ವರದಿ ಒಂಬತ್ತೂವರೆಗೇ ಬಂದು ಪರದೆಯ ಮೂಲೆಯಲ್ಲಿ ಕುಳಿತಿತ್ತು. ನಿನ್ನೆಯದೇ ಇವತ್ತೂ ಇರುತ್ತದೆ ಎಂದುಕೊಂಡೆ. ಹತ್ತು ಗಂಟೆಗೆ "ಎಂತಾದ್ರೂ ಉಂಟಾ?" ಬಂತು. ಅಚ್ಚಗನ್ನಡ ತಿದ್ದುತ್ತಿದ್ದ ಅದೇ ಬೆರಳಿನಿಂದ "ಮಾಫಿ" ಎಂದು ಒತ್ತಿದೆ.

ಹನ್ನೊಂದೂವರೆಗೆ ವರದಿ ತೆರೆದೆ. ಸೇತುವೆಯ ಬಳಿ ನಿನ್ನೆ ರಾತ್ರಿಯಿಂದ ಅಪರಿಚಿತರು ರಸ್ತೆ ಅಗೆಯುತ್ತಿದ್ದಾರೆ, ಯಾರೂ ಹೋಗಕೂಡದು ಎಂದಿತ್ತು. ಹಮೀದಣ್ಣನ ಫೋನ್ ಸಿಗಲಿಲ್ಲ. ರಾಜಧಾನಿ ಬಮಾಕೊದ ನಮ್ಮ ಕಚೇರಿಯಲ್ಲಿ ಲಾರಿಗೆ ಕರೆ ಮಾಡಬಲ್ಲ ಉಪಗ್ರಹ ಫೋನ್ ಇತ್ತು, ಅವರಿಗೆ ಹೇಳಬಹುದಿತ್ತು. ಹೇಳಿದರೆ ನಾನು ಓದಿರಲಿಲ್ಲ ಎಂಬುದು ಹೊರಬೀಳುತ್ತದೆ — ಹೀಗೆ ಯೋಚಿಸುತ್ತಾ ನಲವತ್ತು ನಿಮಿಷ ಕುಳಿತೆ. ಸ್ಫೋಟವಾದದ್ದು ಆ ನಲವತ್ತು ನಿಮಿಷದ ಒಳಗೋ, ಅದಕ್ಕೂ ಮೊದಲೋ... ನಾನು ಯಾರನ್ನೂ ಕೇಳಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಮೊದಲ ಲಾರಿಯಲ್ಲಿದ್ದವನು ಮೂಸಾ. ಹಮೀದಣ್ಣ ಹಿಂದಿನ ಲಾರಿಯಿಂದ ಓಡಿ, ತಮ್ಮ ಲುಂಗಿ ಹರಿದು ಅವನ ಕಾಲಿಗೆ ಬಿಗಿದು ಕಟ್ಟಿ, ಬಂದ ದಾರಿಯಲ್ಲೇ ಗಾಡಿ ತಿರುಗಿಸಿ ಆಸ್ಪತ್ರೆಗೆ ಮುಟ್ಟಿಸಿದರು. ಮಂಡಿಯ ಕೆಳಗಿನದು ಉಳಿಯಲಿಲ್ಲ, ಜೀವ ಉಳಿಯಿತು. ಮರುದಿನ ಅವರು ಮಲಗಿರಬೇಕಿತ್ತು. ಪೆಟ್ಟಿಗೆಯ ಐಸ್ ಇನ್ನು ಎರಡೇ ದಿನ ತಡೆಯುತ್ತದೆ ಎಂದು, ಲಸಿಕೆಯನ್ನು ಕತ್ತೆಗಾಡಿಗಳ ಮೇಲೆ ಹೇರಿಸಿ, ಹೊಲಗಳ ನಡುವಿನ ಕಾಲುದಾರಿ ಹಿಡಿದು ಲಾರಿ ಮುಟ್ಟಬೇಕಿದ್ದ ಉತ್ತರದ ಊರಿಗೆ ನಡೆದೇ ಹೋದರು. ಮಕ್ಕಳಿಗೆ ಚುಚ್ಚುಮದ್ದು ಬಿತ್ತು.

ವಿಚಾರಣೆ ದುಬೈ ಕಚೇರಿಯಲ್ಲಿ ನಡೆಯಿತು. ಹಮೀದಣ್ಣ ಬಮಾಕೊದಿಂದ ಫೋನಿನಲ್ಲಿದ್ದರು. ಸಂದೇಶದಲ್ಲಿ ಬರೆದ 'ಮಾಫಿ'ಯ ಅರ್ಥವೇನು ಎಂದು ಅಧಿಕಾರಿ ನನ್ನನ್ನೇ ಮೊದಲು ಕೇಳಿದರು. ಆಗ ನನ್ನ ಗಂಡನ ಕೆಲಸ ಹೋಗಿತ್ತು. ಅವರು, ಇಬ್ಬರು ಮಕ್ಕಳು, ಎಲ್ಲರೂ ನನ್ನ ವೀಸಾದ ಮೇಲಿದ್ದರು. ಇದು ನೆಪವಲ್ಲ, ಬಾಯಿ ತೆರೆದಾಗ ನನ್ನ ಕಣ್ಣ ಮುಂದೆ ಇದ್ದದ್ದು ಮೂಸಾನ ಕಾಲಲ್ಲ ಎಂದಷ್ಟೇ ಹೇಳುತ್ತಿದ್ದೇನೆ. "ಮಾಫಿ ಎಂದರೆ ಇಲ್ಲ. ವರದಿ ಇನ್ನೂ ಬಂದಿಲ್ಲ ಎಂದು ಬರೆದೆ" ಎಂದೆ. ವರದಿ ಬಾರದೆ ಲಾರಿ ಹೊರಡಬಾರದು ಎಂಬುದು ನಿಯಮ. ಅಂದರೆ ತಪ್ಪು ಹೊರಟವರದು.

ಫೋನಿನ ಆ ಕಡೆಯಿಂದ ಹಮೀದಣ್ಣ ತಮ್ಮ ಹರಕು ಇಂಗ್ಲಿಷಿನಲ್ಲಿ ಹೇಳಿದರು — ಹೌದು ಸಾರ್, ಮಾಫಿ ಅಂದರೆ ಬಂದಿಲ್ಲ ಅಂತ. ನಾನೇ ತಪ್ಪು ತಿಳಿದುಕೊಂಡೆ.

ವರದಿ ಎಷ್ಟು ಗಂಟೆಗೆ ಬಂತು ಎಂದು ಯಾರೂ ತೆರೆದು ನೋಡಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ. ಹಮೀದಣ್ಣನ ಕಡತದಲ್ಲಿ 'ಅನುಮತಿಯಿಲ್ಲದೆ ಹೊರಟವರು, ಮತ್ತೆ ಕಳಿಸಕೂಡದು' ಎಂದು ಬರೆದರು. ಸ್ಫೋಟವಾದ ವಾರವೇ ನಾನು ರಾಜ್ಯೋತ್ಸವದ ವೇದಿಕೆ ಹತ್ತಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಬಂದು, ಒಂದೂ ಪರಭಾಷೆಯ ಪದವಿಲ್ಲ ಎಂದು ಹೊಗಳಿದಿರಿ.

ಈಗ ಯಾಕೆ ಹೇಳುತ್ತಿದ್ದೇನೆ? ಆ ರಸ್ತೆ ಈಗ ಮೊದಲಿಗಿಂತ ಕೆಟ್ಟಿದೆ. ಲಸಿಕೆ ಬಮಾಕೊದಲ್ಲಿ ನಿಂತಿದೆ. ಎರಡೂ ಕಡೆಯ ಹಿರಿಯರು ಬೇರೆಬೇರೆಯಾಗಿ ಒಂದೇ ಮಾತು ಹೇಳಿಕಳಿಸಿದ್ದಾರೆ: ಕಾಳು ತಿನ್ನುವ ಆ ಮುದುಕನನ್ನು ಕಳಿಸಿ, ದಾರಿ ಬಿಡುತ್ತೇವೆ. ಹಮೀದಣ್ಣನೂ ಹೋಗುತ್ತೇನೆ ಎಂದು ಅರ್ಜಿ ಹಾಕಿದ್ದಾರೆ. ಕಡತ ತಿರಸ್ಕಾರದ ಸಹಿಗಾಗಿ ಕಳೆದ ವಾರ ಮಾಲಿ ವಿಭಾಗಕ್ಕೆ ಬಂತು. ಆ ವಿಭಾಗದ ಮುಖ್ಯಸ್ಥೆ ಈಗ ನಾನೇ.

ಶುಕ್ರವಾರ ಮಧ್ಯಾಹ್ನ ಇಲ್ಲೇ ದುಬೈಯ ದೇರಾದ ಮೀನು ಮಾರ್ಕೆಟ್ಟಿನ ಹತ್ತಿರ ಅವರ ಅಂಗಡಿಗೆ ಹೋದೆ. ಈಗ ಮೀನಿಗೆ ಬೇಕಾದ ಥರ್ಮಾಕೋಲ್ ಪೆಟ್ಟಿಗೆ ಮಾರುತ್ತಾರೆ. ನಮಾಜು ಮುಗಿಸಿ ಆಗಷ್ಟೇ ಬಾಗಿಲು ತೆಗೆದಿದ್ದರು.

"ಎಂತ, ಘಟ್ಟದ ಮೇಲಿನವರು ಮೀನು ಹುಡುಕಿಕೊಂಡು ಬಂದದ್ದಾ?"

"ಆವತ್ತು ವರದಿ ಬಂದಿತ್ತು ಹಮೀದಣ್ಣ. ನಾನು ನೋಡಿರಲಿಲ್ಲ."

ಅವರು ಪೆಟ್ಟಿಗೆಗೆ ಟೇಪ್ ಹಚ್ಚುವುದನ್ನು ನಿಲ್ಲಿಸಲಿಲ್ಲ. "ಗೊತ್ತುಂಟು ಮಾರಾಯ್ತಿ."

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ?"

"ನಿಮ್ಮ ವೀಸಾದಲ್ಲಿ ನಾಲ್ಕು ಜನ. ನನ್ನ ವೀಸಾದಲ್ಲಿ ನಾನೊಬ್ಬನೇ. ಅಷ್ಟೇ."

ಅಷ್ಟೇ ಅಂತೆ. ನನಗೆ ಅಳು ಬಂತು. ಕ್ಷಮಿಸಿ ಎಂದೆ. ಅವರು ಟೇಪನ್ನು ಹಲ್ಲಿನಿಂದ ಕಡಿದು ಹೇಳಿದರು: "ನಂದು ಬಿಡಿ. ನನ್ನದು ಹೋದದ್ದು ಕೆಲಸ. ಮೂಸನದ್ದು ಕಾಲು. ಕೇಳುದಾದ್ರೆ ಅವನತ್ರ ಕೇಳಿ."

ಆರು ವರ್ಷದಿಂದ ಪ್ರತಿ ಶುಕ್ರವಾರ ಅವರು ಮೂಸಾನಿಗೆ ಫೋನ್ ಮಾಡುತ್ತಾರಂತೆ. ಆಗಲೂ ಮಾಡಿದರು, ನನ್ನ ಕೈಗೆ ಕೊಟ್ಟರು. ಪರದೆಯ ಮೇಲೆ ಊರುಗೋಲು ಒರಗಿಸಿಕೊಂಡು ಕುಳಿತ ದೊಡ್ಡ ಮೈಯ ಮನುಷ್ಯ. ಈಗ ಹೊಸ ಚಾಲಕರಿಗೆ ಕಲಿಸುತ್ತಾನೆ, ನೆಲದ ಬಣ್ಣ ನೋಡಿ ಅಪಾಯ ಗುರುತಿಸುವುದನ್ನು. ನಾನು ಹಮೀದಣ್ಣನ ಹಳೆಯ ಕಚೇರಿಯವಳು ಎಂದು ತಿಳಿದು ಅವನ ಮುಖ ಅರಳಿತು. ವರದಿ ಓದಿ ಓದಿ ಕಲಿತ ಫ್ರೆಂಚ್ ನನ್ನಲ್ಲಿತ್ತು. ತಾಯಿ ಹೇಗಿದ್ದಾರೆ, ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ — ಒಂದೊಂದಾಗಿ ಕೇಳಿದ. ಒಂದೊಂದಕ್ಕೂ ಚೆನ್ನಾಗಿದ್ದಾರೆ ಎಂದೆ. ಆಮೇಲೆ ಅವನು ಕಾದ. ಹೇಳುವ ಸರದಿ ನನ್ನದು. "ಮೂಸಾ..." ಎಂದೆ. ಎಂದು — ನಿಮ್ಮ ತಾಯಿ ಹೇಗಿದ್ದಾರೆ ಎಂದು ಕೇಳಿದೆ.

ಹಮೀದಣ್ಣ ಫೋನ್ ತೆಗೆದುಕೊಂಡು ಅವನೊಂದಿಗೆ ಎರಡು ಮಾತಾಡಿ ಇಟ್ಟರು. ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು: "ಇವತ್ತು ಮಾಫಿ, ಅಲ್ವಾ? ಬರುವ ಶುಕ್ರವಾರ ಉಂಟಲ್ಲ."

ಸೋಮವಾರ ಬೆಳಿಗ್ಗೆ ಕಡತಕ್ಕೆ ಆ ದಿನದ ವರದಿಯನ್ನು ಲಗತ್ತಿಸಿದೆ. ಒಂಬತ್ತೂವರೆ ಎಂಬ ಸಮಯ ಅದರ ನೆತ್ತಿಯ ಮೇಲೇ ಇದೆ. ಆರು ವರ್ಷದಿಂದಲೂ ಇತ್ತು. ಹನ್ನೊಂದೂವರೆಯ ನಂತರದ ನಲವತ್ತು ನಿಮಿಷವನ್ನೂ ಬರೆದೆ. ತಪ್ಪಿತಸ್ಥರ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದು ಮೇಲಕ್ಕೆ ಕಳಿಸಿದೆ. ಹಮೀದಣ್ಣ ಹೊರಡುವ ದಿನ "ಎಂತಾದ್ರೂ ಉಂಟಾ?" ಎಂದು ಕೇಳಿದರೆ ಉತ್ತರಿಸುವ ಕುರ್ಚಿಯಲ್ಲಿ ನಾನಿರುವುದಿಲ್ಲ. ಇರಲೂಬಾರದು.

ನಮ್ಮ ದಾವಣಗೆರೆ ಕಡೆ ಮಾಫಿ ಎಂದರೆ ಮನ್ನಿಸುವುದು. ಇಲ್ಲಿ ಮಾಫಿ ಎಂದರೆ ಇಲ್ಲ. ಇವೆರಡರಲ್ಲಿ ಯಾವುದನ್ನು ಕೊಡಬೇಕು ಎಂಬುದು ಮೂಸಾನಿಗೆ ಬಿಟ್ಟದ್ದು. ನಾಳೆ ಶುಕ್ರವಾರ. ತಾಯಿಯ ಕ್ಷೇಮ, ಮಕ್ಕಳ ಕ್ಷೇಮ ಎಲ್ಲ ಮುಗಿದು ಅವನು ಕಾಯುವಾಗ ಹೇಳಬೇಕಾದದ್ದನ್ನು ಫ್ರೆಂಚಿನಲ್ಲಿ ಬರೆದು ಬಾಯಿಪಾಠ ಮಾಡಿದ್ದೇನೆ. ಎರಡಕ್ಷರವಲ್ಲ, ಪೂರ್ತಿ ವಾಕ್ಯ: ಮೂಸಾ, ವರದಿ ಬಂದಿತ್ತು, ನಾನು ಓದದೆ ನಿಮ್ಮನ್ನು ಕಳಿಸಿದೆ.