ಕಾಲೇಜಿಗೆ ಮುಯ್ಯಾಳು ಕರೆದ ಗೋವಿಂದಮ್ಮ

ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಟೈಪಿಂಗ್ ಅಂಗಡಿಯಲ್ಲಿ ನಾನು ಸಂಬಳಕ್ಕಿದ್ದೇನೆ. ಬಿ.ಎ. ಎರಡನೇ ವರ್ಷವನ್ನು ಎರಡು ಸಲ ಓದಿ, ಎರಡು ಸಲವೂ ಅದು ನನ್ನನ್ನು ಬೇಡವೆಂದ ಮೇಲೆ, ಉನ್ನತ ಶಿಕ್ಷಣದ ಬಗ್ಗೆ ಬಾಯಿ ಬಿಡುವ ಯೋಗ್ಯತೆ ನನಗಿಲ್ಲ. ಆದರೂ ೨೦೦೧ರಲ್ಲಿ ಅದರ ಬಗ್ಗೆ ಸರ್ಕಾರಕ್ಕೆ ಹೋದ ಮನವಿಯನ್ನು ಬರೆದವನು ನಾನೇ.

ಬರೆಸಿದವಳು ಲೊಕ್ಕನಹಳ್ಳಿಯ ಗೋವಿಂದಮ್ಮ. ಒಂದೂವರೆ ಎಕರೆ ರಾಗಿ ಹೊಲ, ಮಿಕ್ಕ ದಿನ ಕೂಲಿ. ಮಗಳು ಕೋಮಲ ಹನೂರು ಕಡೆಯ ಸರ್ಕಾರಿ ಕಾಲೇಜೊಂದರಲ್ಲಿ ಬಿ.ಎಸ್ಸಿ. ಎರಡು ವರ್ಷ ಮುಗಿಸಿದ್ದಳು. ಅಷ್ಟರಲ್ಲಿ ಆದೇಶ ಬಂತು: ಬೊಕ್ಕಸದಲ್ಲಿ ಹಣವಿಲ್ಲ, ಮಕ್ಕಳು ಕಡಿಮೆಯಿರುವ ವಿಭಾಗ ಮುಚ್ಚಿ, ಇರುವವರನ್ನು ಕೊಳ್ಳೇಗಾಲಕ್ಕೆ ಕಳಿಸಿ. ವಿಜ್ಞಾನದಲ್ಲಿ ಉಳಿದಿದ್ದವರು ಹನ್ನೊಂದು ಮಂದಿ. ಮೂರು ವರ್ಷ ಭೌತಶಾಸ್ತ್ರಕ್ಕೆ ಮೇಷ್ಟರನ್ನೇ ಕೊಡದೆ ಮಕ್ಕಳನ್ನು ಓಡಿಸಿದವರೇ ಈಗ ಮಕ್ಕಳಿಲ್ಲ ಎನ್ನುತ್ತಿದ್ದರು. ಕೊಳ್ಳೇಗಾಲದಿಂದ ಲೊಕ್ಕನಹಳ್ಳಿಗೆ ಹೋಗುವ ಬಸ್ಸು ಕ್ಲಾಸು ಮುಗಿಯುವ ಮೊದಲೇ ಹೊರಡುತ್ತದೆ. ಅದು ತಪ್ಪಿದರೆ ಆನೆ ದಾಟುವ ದಾರಿ. ಅಂದರೆ ಕೋಮಲಳ ಓದು ಅಲ್ಲಿಗೇ ಮುಗಿದಂತೆ.

ಕಾಲೇಜು ಶಿಕ್ಷಣ ಇಲಾಖೆಯ ಮೈಸೂರಿನ ಸಾಹೇಬರು ಕಾಲೇಜಿನ ತಪಾಸಣೆಗೆ ಬರುತ್ತಾರೆಂದು ಗೊತ್ತಾದಾಗ, ಕಾಗದ ಕೊಟ್ಟರೆ ಸಾಲದು, ಜನ ಕರೆದುಕೊಂಡು ಬಾ ಎಂದು ದೊಡ್ಡ ಮುಖಂಡನ ಹಾಗೆ ಹೇಳಿದೆ. ಜನ ಕರೆಯುವುದಕ್ಕೆ ಗೋವಿಂದಮ್ಮನಿಗೆ ಗೊತ್ತಿದ್ದದ್ದು ಒಂದೇ ದಾರಿ, ಮುಯ್ಯಿ. ಇವತ್ತು ನೀನು ನನ್ನ ಹೊಲಕ್ಕೆ ಬಾ, ಇನ್ನೊಂದು ದಿನ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಹಾಗೆ ಮೂವತ್ತನಾಲ್ಕು ಹೆಂಗಸರನ್ನು ಕರೆದಳು.

ಅವರು ಮುಯ್ಯಾಳುಗಳು ಬರುವ ಹಾಗೆಯೇ ಬಂದರು, ಸೊಂಟದಲ್ಲಿ ಕುಡುಗೋಲು ಸಿಕ್ಕಿಸಿಕೊಂಡು. ಪ್ರಿನ್ಸಿಪಾಲರು ಕಿಟಕಿಯಿಂದ ನೋಡಿ ನೇರ ಸ್ಟೇಷನ್ನಿಗೆ ಫೋನ್ ಮಾಡಿದರು. ಸಾಹೇಬರ ಜೀಪು ಗೇಟಿನ ಹೊರಗೇ ನಿಂತಿತು. ಮುಖಂಡನಾದ ನಾನು ಮನವಿಯ ಸಮೇತ ಬೇವಿನ ಮರದ ಹಿಂದಿದ್ದೆ.

ಕುಡುಗೋಲು ಯಾಕೆಂದು ಪೊಲೀಸಿನವನು ಗದರಿದ. ಎಲ್ಲರಿಗಿಂತ ಹಿರಿಯಳಾದ ದೊಡ್ಡಬಸಮ್ಮ ಅವನನ್ನೇ ಪೆದ್ದನಂತೆ ನೋಡಿದಳು.

"ಮುಯ್ಗೆ ಕರುದ್ರೆ ಬರಿಗೈಲಿ ಬಂದಾರಾ ಸಾ?"

ಎರಡು ಗಂಟೆಯಾದರೂ ಸಾಹೇಬರು ಇಳಿಯಲಿಲ್ಲ. ಸುಮ್ಮನೆ ಕೂತು ಅಭ್ಯಾಸವಿಲ್ಲದ ಹೆಂಗಸರು ಪ್ರಯೋಗಾಲಯದ ಸುತ್ತ ಎದೆಯೆತ್ತರ ಬೆಳೆದಿದ್ದ ಪಾರ್ಥೇನಿಯಂ ಕೊಯ್ದು ಹಾಕಿದರು. ಕುಡುಗೋಲುಗಳನ್ನು ಪೊಲೀಸರು ಗುಡ್ಡೆ ಹಾಕಿಸಿದ ಮೇಲಷ್ಟೇ ಸಾಹೇಬರು ಒಳಗೆ ಬಂದು, ನಿಮ್ಮ ಮಕ್ಕಳೆಲ್ಲ ಇಲ್ಲಿ ಓದುತ್ತಾರಾ ಎಂದು ಕೇಳಿದರು. ಹೆಂಗಸರು ಇಲ್ಲವೆಂದರು. ಹಾಗಾದರೆ ನಿಮಗೇನು ಸಂಬಂಧ ಎಂದರು ಸಾಹೇಬರು.

"ನಾಳೀಕ್ ಓದ್ಬೇಕಲ್ಲ ಸಾ," ಎಂದಳು ಮನೆಯಲ್ಲಿ ಚಿಕ್ಕ ಮಗಳಿದ್ದ ರಾಚಮ್ಮ.

ಮನವಿಯನ್ನು ಅವರು ಕೈಯಲ್ಲೂ ಮುಟ್ಟಲಿಲ್ಲ. ಅಂಚೆಯಲ್ಲಿ ಕಳಿಸಿ ಎಂದರು.

ತಿಂಗಳ ಮೇಲೆ ಆದೇಶ ಬಂತು. ಕೊನೆಯ ವರ್ಷದವರು ಅಲ್ಲೇ ಮುಗಿಸಬಹುದು, ಹೊಸಬರನ್ನು ಸೇರಿಸುವಂತಿಲ್ಲ. ಜೊತೆಗೆ ತಪಾಸಣೆಯ ವರದಿ: ಆವರಣ ಅಚ್ಚುಕಟ್ಟಾಗಿದೆ, ಖಾಲಿಯಾಗುವ ಕೊಠಡಿಗಳನ್ನು ಬೇರೆ ಇಲಾಖೆಯ ಗೋದಾಮಿಗೆ ಬಳಸಿಕೊಳ್ಳಬಹುದು. ಆ ಹೆಂಗಸರು ಬಿಸಿಲಲ್ಲಿ ಬಗ್ಗಿ ಚೊಕ್ಕಟ ಮಾಡಿದ್ದು ಗೋದಾಮಿಗೆ! ಓದಿ ನನ್ನ ಮೈಯೆಲ್ಲ ಉರಿಯಿತು. ಆದರೂ ನಾಲಿಗೆ ಸುಮ್ಮನಿರಬೇಕಲ್ಲ, ಕೋಮಲಂದು ಉಳಿಯಿತಲ್ಲ, ಗೆದ್ದೆವಕ್ಕ ಎಂದುಬಿಟ್ಟೆ.

"ಏನ್ಲಾ ಗೆದ್ದಿದ್ದು? ಬಂದವ್ರೆಲ್ಲಾ ನನ್ ಮಗಳಿಗ್ ಬಂದ್ರು. ಅವರ ಎಣ್ಮಕ್ಳು ಬಂದಾಗ ಬಾಗ್ಲಾಕಿದ್ರೆ, ನಾನ್ ಯಾವ್ ಮುಯ್ಯಿ ತೀರ್ಸ್‌ದಂಗಾಯ್ತು?"

ಹಾಗೆಂದರೂ ಅವಳು ಒಬ್ಬೊಬ್ಬರ ಹೊಲಕ್ಕೂ ಹೋಗಿ ಕಳೆ ತೆಗೆದಳು. ಕೋಮಲ ಪಾಸಾದಳು. ಪ್ರಯೋಗಾಲಯದಲ್ಲಿ ಈಗ ಗೊಬ್ಬರದ ಮೂಟೆಗಳಿವೆ.

ಈ ವರ್ಷ ಗೋವಿಂದಮ್ಮನ ರಾಗಿ ಹೊಲಕ್ಕೆ ಮುಯ್ಯಾಳಾಗಿ ರಾಚಮ್ಮ ತಾನು ಬರದೆ ಮಗಳು ಕವಿತಳನ್ನು ಕಳಿಸಿದಳು. ಹುಡುಗಿ ಪಿ.ಯು.ಸಿ. ಸೈನ್ಸ್ ಪಾಸಾಗಿ, ಹತ್ತಿರದಲ್ಲಿ ಬಿ.ಎಸ್ಸಿ. ಇಲ್ಲದೆ ಮನೆಯಲ್ಲಿದ್ದಾಳೆ. ಗೋವಿಂದಮ್ಮ ಅವಳನ್ನು ಹೊಲಕ್ಕೆ ಇಳಿಯಗೊಡಲಿಲ್ಲ. ಹಾಗೇ ಬಸ್ಸು ಹತ್ತಿಸಿಕೊಂಡು ಬಂದು ನಮ್ಮ ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿದಳು.

"ಇವಳ್ ಎಸ್ರಲ್ಲಿ ಒಂದು ಅರ್ಜಿ ಬರಿ ಮಣಿಕಂಠ. ಈ ಸಲ ಮೈಸೂರ್‌ಗೇ ಓಗದು. ಅಷ್ಟೂ ಜನ."