ನಮ್ಮ ಚಿಂಗಿಗೆ ಬಂದ ಅಂಟಿನುಂಡೆ

ಬಾಣಂತಿಯರ ಅಂಟಿನುಂಡೆಯನ್ನು ನಾಯಿಮರಿಗೆ ತಂದವರನ್ನು ಕಂಡಿದ್ದೀರಾ ಗೆಳೆಯರೇ? ನಾನು ಇವತ್ತು ಕಂಡೆ.

ನಮ್ಮ ಮರಿಗಳಾದ ಚಿಂಗಿಗೂ ಗುಂಡನಿಗೂ ನಿನ್ನೆ ಹಾವೇರಿಯಲ್ಲಿ ಸಂತಾನಹರಣ ಆಪರೇಷನ್ ಮಾಡಿಸಿ ಬ್ಯಾಡಗಿಗೆ ಕರೆತಂದಿದ್ದೆವು. ಬೆಳಿಗ್ಗೆ ಪಕ್ಕದ ಮನೆಯ ಗಂಗಕ್ಕ ಡಬ್ಬಿ ಹಿಡಿದು ಬಂದರು.

“ಆಪರೇಷನ್ ಆದ ಹೆಣ್ಣಿಗೆ ಸೊಂಟ ಗಟ್ಟಿ ಆಗಬೇಕವಾ. ನನಗೂ ನಮ್ಮವ್ವ ಇದನ್ನ ತಿನ್ನಿಸಿದ್ಲು,” ಎನ್ನುತ್ತ ಚಿಂಗಿಯ ಬಾಯಿಗೆ ಉಂಡೆ ಹಿಡಿದೇಬಿಟ್ಟರು.

ನಾನು ಕಸಿದುಕೊಂಡೆ. “ಬ್ಯಾಡ್ರಿ ಅಕ್ಕಾರ! ಇದರಾಗ ಒಣದ್ರಾಕ್ಷಿ ಐತಿ. ನಾಯಿಗೆ ಅದು ವಿಷ. ಇಷ್ಟು ಸಣ್ಣ ಮರಿ ನಾಕು ಕಾಳು ತಿಂದ್ರೂ ಕಿಡ್ನಿ ಕೆಡಬಹುದಂತ ಡಾಕ್ಟರ್ ಹೇಳ್ಯಾರ. ಮೆತ್ತನ ಅನ್ನ, ಕುದಿಸಿದ ತತ್ತಿ ಅಷ್ಟ ಕೊಡಾಕತ್ತೇನಿ.”

ಗಂಗಕ್ಕನ ಕಣ್ಣು ಮೂಲೆಯಲ್ಲಿ ಮುದುಡಿ ಮಲಗಿದ್ದ ಗುಂಡನ ಮೇಲೆ ಬಿತ್ತು. “ಇವಂಗೇನಾಗೇತಿ?”

“ಅವಂಗೂ ಅದ ಆಪರೇಷನ್ ರೀ.”

“ಗಂಡಿಗೂ?” ಬಗ್ಗಿ ಬಗ್ಗಿ ನೋಡಿದರು. “ನಮ್ಮ ಓಣ್ಯಾಗ ಹೆಣ್ಮಕ್ಕಳೆಲ್ಲಾ ಮಾಡಿಸ್ಕೊಂಡೇವಿ. ಗಂಡಸರೊಳಗ ಇವನ ಮೊದಲನೇದಾಂವ ನೋಡವಾ!”

ಆಮೇಲೆ ಡಬ್ಬಿಯನ್ನು ಅಲ್ಲೇ ಕೂತು ಎಲ್ಲ ಕೇಳುತ್ತಿದ್ದ ನನ್ನ ಗಂಡನ ಮುಂದೆ ಹಿಡಿದರು. ಅಂಟಿನುಂಡೆ ಎಂದರೆ ಪ್ರಾಣ ಬಿಡುವ ಮನುಷ್ಯ, ಹಸಿವಿಲ್ಲವೆಂದು ಒಳಗೆ ಹೋದವರು ಇನ್ನೂ ಹೊರಗೆ ಬಂದಿಲ್ಲ.